ಹತ್ತು ಇಂಚು

ಹುಲ್ಲು ಹತ್ತು ಇಂಚು ದಾಟಿದರೆ ತಪ್ಪು.
ಅಳೆಯುವುದು ನನ್ನ ಕೆಲಸ, ಹನ್ನೊಂದು ವರ್ಷದಿಂದ,
ಫಿಲಡೆಲ್ಫಿಯಾದ ಉತ್ತರದಲ್ಲಿ, ಹೆಗಲಿಗೆ ಹೆಗಲು
ಕೊಟ್ಟು ನಿಂತ ಇಟ್ಟಿಗೆ ಮನೆಗಳ ಸಾಲಿನಲ್ಲಿ.
ಬಾಗಿಲಿಗೆ ಕಿತ್ತಳೆ ಚೀಟಿ ಅಂಟಿಸುತ್ತೇನೆ.
ಇಲಾಖೆಯ ಅಂಟು ಚಳಿಗೆ ಹಿಡಿಯುವುದಿಲ್ಲ,
ಜೇಬಿನಲ್ಲಿ ನನ್ನದೇ ಟೇಪು.

ಇವತ್ತು ಆರ್ಡೆಲಿಯಾ ಪ್ರುಯಿಟ್ ಮನೆ.
ದೂರು: ಹುಲ್ಲು, ಉದುರುವ ಬಣ್ಣ, ಸಡಿಲ ಕಂಬಿ.
ದೂರಿದವರ ಹೆಸರಿಲ್ಲ. ಯಾವತ್ತೂ ಇರುವುದಿಲ್ಲ.
ಬಾಗಿಲಲ್ಲೇ ನಿಂತು ಕೇಳಿದಳು:
"ಅದನ್ನ ಹುಲ್ಲು ಅಂದವರು ಯಾರಪ್ಪ?
ಕಾಲರ್ಡ್ ಸೊಪ್ಪು ಅದು. ಬೀಜಕ್ಕೆ ಬಿಟ್ಟಿದ್ದೀನಿ."
ಕಾಯಿದೆಯಲ್ಲಿ ಬೀಜಕ್ಕೊಂದು ಕಲಮಿಲ್ಲ.

ಪಕ್ಕದ ಮನೆ ಈಗಿಲ್ಲ.
ಅಪಾಯಕಾರಿ ಎಂದು ಷರಾ ಬರೆದವನು ನಾನೇ;
ಮೂರು ವರ್ಷದ ಹಿಂದೆ ಕೆಡವಿದರು.
ಇಬ್ಬರಿಗೂ ಒಂದೇ ಆಗಿದ್ದ ಗೋಡೆ
ಈಗ ಬಯಲಿಗೆ ಬಿದ್ದಿದೆ. ಅದರ ಮೇಲೆ
ಮಹಡಿಯ ಕೋಣೆಯ ನೀಲಿ ಕಾಗದ,
ಹತ್ತಿ ಹತ್ತಿ ಎಲ್ಲಿಗೂ ಹೋಗದ ಮೆಟ್ಟಿಲ ಗುರುತು,
ಒಂದು ಮೊಳೆ, ಮೊಳೆಯಲ್ಲಿ ಯಾರದೋ ಕ್ಯಾಲೆಂಡರಿನ ದಾರ.

ಆ ಗೋಡೆಗೆ ಗಾರೆ ಬಳಿಸಬೇಕಾದವರು, ಕಡತದ ಪ್ರಕಾರ,
ಸಿಲ್ವರ್ ಫಿಂಚ್ ಹೋಲ್ಡಿಂಗ್ಸ್.
ವಿಳಾಸ: ಡೆಲವೇರಿನ ಒಂದು ಅಂಚೆಪೆಟ್ಟಿಗೆ.
ಏಳು ನೋಟಿಸು ಹೋದವು, ಏಳೂ ವಾಪಸು.
ಎಂಟನೆಯದು ನಿನ್ನೆ ಹೋಯಿತು.
ಅಂಚೆಪೆಟ್ಟಿಗೆಯ ಮುಂದೆ ಹುಲ್ಲು ಬೆಳೆಯುವುದಿಲ್ಲ,
ಅದರ ಬಣ್ಣ ಉದುರಿದರೆ ಯಾರೂ ದೂರುವುದಿಲ್ಲ.
ಆರ್ಡೆಲಿಯಾ ಮನೆಯಲ್ಲೇ ಇರುತ್ತಾಳೆ,
ತಟ್ಟಿದರೆ ಬಾಗಿಲು ತೆಗೆಯುತ್ತಾಳೆ.
ದಂಡಕ್ಕೆ ಸಿಗುವುದು ಅಂಥವರೇ.

"ಮಳೆ ಬಂದರೆ ಆ ಗೋಡೆಯಿಂದ ನೀರು
ಸೀದಾ ನನ್ನ ಮಂಚಕ್ಕೆ. ಮನೆಯೇ ಇಲ್ಲದವರ ಮನೆ ನೀರು.
ಅದಕ್ಕೆ ಯಾವ ಬಣ್ಣದ ಚೀಟಿ?"

ಮಂಡಿಯೂರಿ ಅಳೆದೆ. ಇಪ್ಪತ್ತಾರು ಇಂಚು,
ತುದಿಯಲ್ಲಿ ಹಳದಿ ಹೂ, ಹೂವಿನಲ್ಲಿ ಒಂದು ಜೇನು.
ಎದ್ದು, ಪರೀಕ್ಷಿಸಲೆಂದು ಕಂಬಿ ಹಿಡಿದು ಎಳೆದೆ.
ಬುಡಸಮೇತ ಕಿತ್ತು ಬಂತು;
ಬೀಳುತ್ತಿದ್ದ ನನ್ನ ತೋಳು ಹಿಡಿದದ್ದು ಆಕೆ.
ಆದರೂ ಬರೆದೆ. ಬರೆಯದೆ ಬಿಡಲು
ನಾಳೆ ಆಕೆಯೇ ಬೀಳಬಹುದಲ್ಲ.
ಕಂಬಿಗೆ ನಲವತ್ತು ಡಾಲರು, ದಂಡ ಮುನ್ನೂರು:
ಮೂಗಿಗಿಂತ ಮೂಗುತಿ ಭಾರ.

ಗಡುವು ಮೂವತ್ತೈದು ದಿನ ಎಂದೆ.
ಬೀಜ ಬಲಿಯಲು ಐವತ್ತಾದರೂ ಬೇಕು ಎಂದಳು,
ಕೇಳುವ ದನಿಯಲ್ಲಲ್ಲ, ಸುಮ್ಮನೆ, ತಿಳಿಸುವಂತೆ.

ಕಾರಿನಲ್ಲಿ ಕೂತು ದಿನಚರಿ ತೆಗೆದೆ.
ಮರುತಪಾಸಣೆಗೆ ಬರಬೇಕಾದವನೂ ನಾನೇ.
ಸೆಪ್ಟೆಂಬರಿನ ತನಕ ಬಿಡುವಿಲ್ಲ
ಎಂದು ಖಾಲಿ ಹಾಳೆಗಳ ಮೇಲೆ ಬರೆದುಕೊಂಡೆ.