ಬೆಂಕಿಗೆ ಎರಡು ನಾಲಗೆ

ಕಾಗದ ಬಂದದ್ದು ಮಂಗಳವಾರ, ನನ್ನನ್ನು ಕರೆದದ್ದು ಗುರುವಾರ.
ಏಣಿ ನನ್ನದು, ಕೆರೆಯುವ ಅಲಗು ನನ್ನದು,
ಅಲಬಾಮದ ಆಗಸ್ಟ್ ಬಿಸಿಲು ಮಾತ್ರ ಚರ್ಚಿನವರ ಕಡೆಯಿಂದ.

ಹ್ಯಾಚಿಬೆಂಡ್ ಚರ್ಚಿನ ರಸ್ತೆಬದಿ ಫಲಕ ಬರೆದವನೂ ನಾನೇ.
ಆಗ ಹತ್ತೊಂಬತ್ತು. ಕೈ ನಡುಗುತ್ತಿತ್ತು.
ಮೇಲಿನ ಕಚೇರಿ ಅಚ್ಚು ಕಳಿಸಿತ್ತು, ಅಚ್ಚಿನ ಬೆನ್ನಿಗೆ ನಿಯಮ:
ಶಿಲುಬೆ ಕಪ್ಪು, ಜ್ವಾಲೆ ಕೆಂಪು.
ಬಾಗಿಸಬಾರದು, ತಿರುಗಿಸಬಾರದು,
ಮೇಲೆ ಅಕ್ಷರ ಹತ್ತಿಸಬಾರದು,
ಬಟ್ಟಲಿಗೆ ಅಂಗಿಗೆ ಒತ್ತಿ ಮಾರಬಾರದು,
ಜ್ವಾಲೆಯನ್ನು ಶಿಲುಬೆಯಿಂದ ಅಗಲಿಸಬಾರದು.
ಎಣಿಸಿದ್ದೆ. ಮೋಶೆಗೆ ಸಿಕ್ಕಿದ್ದಕ್ಕಿಂತ ಒಂದು ಹೆಚ್ಚೇ ಇತ್ತು.

ಈಗ ಮತ ಹಾಕಿ ಹೊರಬಂದಿದ್ದಾರೆ,
ನಲವತ್ತೊಂದಕ್ಕೆ ಹದಿನೇಳು.
ಯಾರ ಮದುವೆಯನ್ನು ಯಾರು ಹರಸಬೇಕು ಎಂಬ ಜಗಳ.
ಬೆಂಚು ನಿಮಗೆ, ಗಂಟೆ ನಿಮಗೆ, ಹಿತ್ತಲ ಗೋರಿಗಳೂ ನಿಮಗೆ,
ಲಾಂಛನ ಮಾತ್ರ ನಮ್ಮದು,
ಮೂವತ್ತು ದಿನದೊಳಗೆ ಅಳಿಸತಕ್ಕದ್ದು ಎನ್ನುತ್ತದೆ ಕಾಗದ.
ನೋಂದಾಯಿತ ಗುರುತಂತೆ, ಸೋಡಾ ಬಾಟಲಿಯ ಹೆಸರಿನ ಹಾಗೆ.

ಏಣಿ ಆನಿಸುವಷ್ಟರಲ್ಲಿ ಮಿಸ್ ಅರ್ಲೀಥಾ ಬಂದರು,
ಮಡಿಸುವ ಕುರ್ಚಿ, ಭಾನುವಾರದ ಟೋಪಿ.
ಆ ಹದಿನೇಳರಲ್ಲಿ ಒಬ್ಬರು.
"ನಿನ್ನ ಪಾಡಿಗೆ ಕೆಲಸ ಮಾಡು ಕ್ಲೀವನ್, ನಾನು ಸುಮ್ಮನೆ ಕೂತಿರುತ್ತೇನೆ."
ಕೂತರು. ಸುಮ್ಮನಿರಲಿಲ್ಲ.

"ನಮ್ಮಪ್ಪ ಈ ಚಿತ್ರವನ್ನು ಅಂಗಳಕ್ಕೂ ಬಿಟ್ಟಿರಲಿಲ್ಲ, ಗೊತ್ತೇ?
ಎರಡು ಸಭೆ ಕೂಡಿ ಒಂದಾದ ಕಾಲ.
ಪಾದ್ರಿ ಹಾಳೆ ಬಿಡಿಸಿ ತೋರಿಸಿದರು:
ಎರಡು ಜ್ವಾಲೆ ಅಂದರೆ ಎರಡು ಸಭೆ, ಬುಡದಲ್ಲಿ ಒಂದು ನೋಡಿ,
ಶಿಷ್ಯರ ನೆತ್ತಿಯ ಮೇಲೆ ಇಳಿದ ನಾಲಗೆಗಳು, ಪವಿತ್ರಾತ್ಮ.
ಅಪ್ಪ ಎದ್ದು ನಿಂತ.
ಪಾದ್ರಿಗಳೇ, ಶಿಲುಬೆ, ಬೆಂಕಿ ಒಟ್ಟಿಗೆ ಇದ್ದದ್ದನ್ನು
ನಾನೊಮ್ಮೆ ನೋಡಿದ್ದೇನೆ, ನನ್ನದೇ ಹತ್ತಿ ಹೊಲದಲ್ಲಿ.
ಗೋಣಿ ಸುತ್ತಿದ್ದರು, ಸೀಮೆಎಣ್ಣೆ ಹೊಯ್ದಿದ್ದರು.
ಅವತ್ತು ಯಾವ ಆತ್ಮವೂ ಇಳಿಯಲಿಲ್ಲ,
ಬಿಳಿ ಮುಸುಕಿನವರು ಟ್ರಕ್ಕಿನಿಂದ ಇಳಿದರು.
ಎರಡು ನಾಲಗೆಯದ್ದನ್ನು ನಾನು ನಂಬುವುದಿಲ್ಲ,
ಮನುಷ್ಯನಾಗಲಿ ಬೆಂಕಿಯಾಗಲಿ.
ಬರೀ ಶಿಲುಬೆ ಸಾಕು."

ಹನ್ನೊಂದು ವರ್ಷ ಹಲಗೆ ಖಾಲಿ ನಿಂತಿತ್ತಂತೆ.

"ಕೊನೆಗೆ ಒಲಿಸಿದವಳು ನಾನು.
ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ
ಅವನ ಬೆರಳು ಹಿಡಿದು ಗೆರೆಯ ಮೇಲೆ ನಡೆಸಿದೆ,
ಚಿಕ್ಕಂದಿನಲ್ಲಿ ಅವನು ನನಗೆ ಅಕ್ಷರ ತಿದ್ದಿಸಿದ ಹಾಗೆ.
ನೋಡಪ್ಪ, ಬೆಂಕಿ ಪಕ್ಕದಲ್ಲಿದೆ,
ಒರಗಿ ನಿಂತಿದೆ, ಮರ ಸುಡುತ್ತಿಲ್ಲ.
ಕಾಫಿ ಆರುವ ತನಕ ನೋಡಿದ.
ಪಕ್ಕದಲ್ಲಿದ್ದರೆ ಸರಿ, ಅಂದ.
ಮರುವಾರ ನೀನು ಬಂದೆ, ಕುಂಚ ಹಿಡಿದು, ಕಡ್ಡಿಯಂಥ ಹುಡುಗ."

ಮಾತಿನ ನಡುವೆಯೇ ನಾನು ಕೆರೆಯುತ್ತಿದ್ದೆ, ಜ್ವಾಲೆಯ ತುದಿಯಿಂದ.
ಮೂರು ಸಲ ಬಳಿದ ಕೆಂಪು.
ಒಣಮೆಣಸಿನ ಸಿಪ್ಪೆಯಂತೆ ಸುರುಳಿಸುತ್ತಿ ಹುಲ್ಲಿಗೆ ಬೀಳುತ್ತಿತ್ತು.
ಶಿಲುಬೆಗೆ ಅಲಗು ತಾಗಿಸಿದಾಗ, "ತಡಿ" ಎಂದರು.
"ಅದೂ ಅವರ ಹೆಸರಿನಲ್ಲಿದೆಯೇ?"

ಕಿಸೆಯಿಂದ ಕಾಗದ ತೆಗೆದು ಓದಿದೆ, ಎರಡು ಸಲ.
ಜ್ವಾಲೆಯೊಡಗೂಡಿದ ಶಿಲುಬೆ ಎಂದಿತ್ತು.
ಬರೀ ಶಿಲುಬೆಯ ಬಗ್ಗೆ ಕಚೇರಿಗೆ ಏನೂ ಹೇಳುವುದಿರಲಿಲ್ಲ.

ಇಳಿದು ಅವರ ಕುರ್ಚಿಯ ಪಕ್ಕ ನಿಂತೆ.
ಬಿಳಿ ಹಲಗೆ, ಕಪ್ಪು ಶಿಲುಬೆ,
ಎಡಗಡೆ ಉಜ್ಜಿ ಒರಟಾದ ಒಂದು ಜಾಗ.
"ಅಪ್ಪ ಕೇಳಿದ್ದು ಇದನ್ನೇ" ಎಂದರು.
ಸಂತೋಷದ ದನಿಯಲ್ಲ. ಅಳುವಿನದ್ದೆಂದೂ ಹೇಳಲಾರೆ.

ಆಮೇಲೆ ಕಷ್ಟಪಟ್ಟು ಬಗ್ಗಿ
ಹುಲ್ಲಿನಿಂದ ಉಗುರಿನಷ್ಟು ಕೆಂಪು ಹೆಕ್ಕಿ
ಕೈಚೀಲದಲ್ಲಿ, ಕೀಲಿಕೈಗೂ ಪೆಪ್ಪರಮಿಂಟಿಗೂ ನಡುವೆ, ಹಾಕಿಕೊಂಡರು.
"ಇದಕ್ಕೆ ಅಪ್ಪಣೆ ಬೇಕೇನು?"

ಆ ಸಂಜೆ ಬಿಲ್ಲು ಬರೆದೆ:
ಲಾಂಛನ ತೆಗೆದದ್ದು, ಅರ್ಧ.
ಕೂಲಿಯೂ ಅರ್ಧವೇ ಹಾಕಿದೆ.