ಎವಾರಿಸ್ಟೊನ ಸಾಲು

ನನ್ನ ಅಂಗಡಿಯ ಕಟ್ಟೆಯ ಮೇಲೆ ಎವಾರಿಸ್ಟೊ
ಗ್ರಹಗಳನ್ನು ಜೋಡಿಸಿದ:
ಗುರುವಿಗೆ ಈರುಳ್ಳಿ, ಶುಕ್ರನಿಗೆ ಲಿಂಬೆ,
ಬುಧನಿಗೆ ನನ್ನದೇ ಡಬ್ಬಿಯ ಒಂದು ಕಾಳುಮೆಣಸು.
"ಹದಿನೇಳಕ್ಕೆ ಎಲ್ಲ ಒಂದೇ ಸಾಲು, ಎರ್ಮಿನಿಯಾ,
ಒಂದೇ ಹಗ್ಗ ಹಿಡಿದು ಎಳೆಯುತ್ತವೆ ನೋಡು."

ಲೆಬುವಿನ ಕಲ್ಲಿದ್ದಲ ಗಣಿಯಲ್ಲಿ, ಕಡಲ ಅಡಿಯಲ್ಲಿ,
ಮೂವತ್ತು ವರ್ಷ ಮರದ ಆಸರೆಗಳ ನರಳಾಟ ಕೇಳಿದವನು.
ಕತ್ತೆತ್ತಲು ಈಗಷ್ಟೇ ಪುರುಸೊತ್ತು.

ಶಾಲೆಯ ಮೇಡಂ ನಕ್ಕಳು:
"ಗುರುವಿಗಿಂತ ನಮ್ಮ ಬೀದಿಯ ಮೀನಿನ ಲಾರಿಯೇ
ಹೆಚ್ಚು ನಡುಗಿಸುತ್ತದೆ."
ನಾನೂ ನಕ್ಕೆ. ಆದರೂ ಹದಿನಾರರ ರಾತ್ರಿ
ಮಗುವಿನ ತಲೆದಿಂಬಿನ ಬಳಿಯ ಮರದ ಬೀರುವನ್ನು
ಗಂಡನೂ ನಾನೂ ಹಿಂದಿನ ಕೋಣೆಗೆ ತಳ್ಳಿದೆವು.

ಹದಿನೇಳು ಬಂತು, ಹೋಯಿತು.
ಲೋಟದ ನೀರೂ ಅಲುಗಲಿಲ್ಲ.
ಶುಕ್ರನನ್ನು ಮೀನಿಗೆ ಹಿಂಡಿದೆ,
ಗುರುವನ್ನು ಹೆಚ್ಚುವಾಗ ಕಣ್ಣು ಉರಿಯಿತು.
ಬೀರುವನ್ನು ವಾಪಸು ತರಲು ಸೋಮಾರಿತನ.

ಎರಡು ವರ್ಷ ಕಳೆದು, ಗ್ರಹಗಳೆಲ್ಲ
ಸಂತೆ ಮುಗಿದ ಜನದ ಹಾಗೆ ಚೆದುರಿದ್ದ ಒಂದು ಜಾವ
ನೆಲ ಮಗ್ಗುಲು ಬದಲಿಸಿತು.
ಬೀರು ಬಿತ್ತು
ಖಾಲಿ ಕೋಣೆಯಲ್ಲಿ.

ಕಡಲು ಹಿಂದೆ ಸರಿಯುವ ಮೊದಲೇ ಗುಡ್ಡ ಹತ್ತಿದೆವು.
ಮೇಲೆ ಎವಾರಿಸ್ಟೊ, ಒಂದೇ ಕಾಲಿಗೆ ಬೂಟು,
ಆಕಾಶದ ಕಡೆಗೆ ಬೆನ್ನು ಹಾಕಿ
ಹತ್ತಿ ಬರುವ ತಲೆಗಳನ್ನು ಬೆರಳಲ್ಲಿ ಎಣಿಸುತ್ತಿದ್ದ.
"ನನ್ನ ಲೆಕ್ಕ ತಪ್ಪಿತು" ಅಂದ.

ಬೀರುವಿನ ಸುದ್ದಿ ಹೇಳಲಿಲ್ಲ ನಾನು.
ಹೇಳಿದ್ದರೆ ಮತ್ತೆ ಸಾಲು ಹೂಡುತ್ತಿದ್ದ.

ಅಂಗಡಿ ಮತ್ತೆ ತೆರೆದ ದಿನ
ಸಾರಿಗೆಂದು ಒಂದು ಈರುಳ್ಳಿ ಕೇಳಿದ.
ದೊಡ್ಡದನ್ನೇ ಆರಿಸಿ ಕೊಟ್ಟೆ,
ಕಾಸು ಮುಟ್ಟಲಿಲ್ಲ.