ಒಂದರಿಂದ ಒಂಬತ್ತು

ಬೆಳಿಗ್ಗೆ ಏಳಕ್ಕೆ ಹುಳುಮನೆಯ ಬಾಗಿಲು ತೆರೆದರೆ
ಮೊದಲು ಮುಖಕ್ಕೆ ಬರುವುದು ಹುದುಗಿನ ವಾಸನೆ:
ಕಡಲೆಹಿಟ್ಟು, ಈಸ್ಟು, ಅಗಾರ್, ಚಿಟಿಕೆ ವಿಟಮಿನ್.
ಮಗಳಿಗೂ ಇಷ್ಟು ಅಳೆದು ಉಣಿಸಿದವಳಲ್ಲ ನಾನು.
ಒಂದು ಬಟ್ಟಲಿಗೆ ಒಂದೇ ಹುಳು.
ಎರಡಿಟ್ಟರೆ ಸಂಜೆಗೆ ಒಂದೇ ಇರುತ್ತದೆ,
ತುಸು ದಪ್ಪಗೆ.

ಸೈನಿಕ ಹುಳು ಅಂತ ಹೆಸರು.
ಹಣೆಯ ಮೇಲೆ ತಲೆಕೆಳಗಾದ ಕವೆಗೋಲು,
ಬಾಲದ ಹತ್ತಿರ ನಾಲ್ಕು ಚುಕ್ಕಿ,
ಯಾರೋ ರಂಗೋಲಿಗೆಂದು ಇಟ್ಟು
ಗೆರೆ ಎಳೆಯದೆ ಎದ್ದುಹೋದಂತೆ.

ಅತ್ತೆ ನಗುತ್ತಾರೆ:
“ಹುಳು ತಿನ್ನದ ಜೋಳ ಬೇಕು ಅಂತ
ಹುಳಾನೇ ಸಾಕ್ತೀಯಲ್ಲೇ!”
ಹೌದತ್ತೆ. ಗಟ್ಟಿಮುಟ್ಟಾದ, ಹಸಿದ ಹುಳುವೇ ಬೇಕು.
ಸೊರಗಿದ ಹುಳುವಿನ ಮುಂದೆ
ಯಾವ ಗಿಡವೂ ಶೂರನೇ.

ಬಿತ್ತಿ ಹದಿನಾಲ್ಕನೆಯ ದಿನ, ಹೆಬ್ಬಾಳದಾಚೆಯ ಹೊಲ.
ಬಳ್ಳಾರಿ ರಸ್ತೆಯ ಹಾರ್ನುಗಳು ಬೇಲಿ ದಾಟಿ ಬರುತ್ತವೆ.
ಜಕ್ಕೂರಿನ ಪುಟ್ಟ ವಿಮಾನವೊಂದು ನೆತ್ತಿಯ ಮೇಲೆ
ಸೈಕಲ್ ಕಲಿಯುವ ಹುಡುಗನಂತೆ ಓಲಾಡುತ್ತದೆ.
ನಾವು ಸಾಲಿನಲ್ಲಿ ಬಗ್ಗಿ, ಒಂಟೆಗೂದಲ ಕುಂಚದಿಂದ
ಸುಳಿ ಸುಳಿಗೂ ಹತ್ತತ್ತು ಮರಿ ಬಿಡುತ್ತೇವೆ,
ಕೂಸಿನ ಕಣ್ಣಿಗೆ ಕಾಡಿಗೆ ತೀಡುವಷ್ಟು ಹಗುರಾಗಿ.
ಇನ್ನೂರ ನಲವತ್ತು ಸಾಲು.
ಔಷಧಿ ಹೊಡೆಯುವಂತಿಲ್ಲ.
ಕಿವಿಗೊಟ್ಟರೆ ಏನೂ ಕೇಳಿಸುವುದಿಲ್ಲ; ಆದರೂ
ಮೇಯುತ್ತಿವೆ ಎಂದು ನಿದ್ದೆಯಲ್ಲಿ ಗೊತ್ತಾಗುತ್ತದೆ.

ಎರಡು ವಾರ ಕಳೆದು ಅಂಕ ಹಾಕುವ ದಿನ.
ಒಂದು ಅಂದರೆ ಸೂಜಿಮೊನೆಯಷ್ಟು ಗಾಯ.
ಒಂಬತ್ತು ಅಂದರೆ ಸುಳಿಯೇ ಇಲ್ಲ,
ಮರದ ಹೊಟ್ಟಿನಂಥ ಹಿಕ್ಕೆ, ನಡುವೆ ಒಂದು ಕಡ್ಡಿ.
ಡಾಕ್ಟರ್ ಕುಮುದಿನಿ ಕೂಗುತ್ತಾರೆ, ನಾನು ಬರೆಯುತ್ತೇನೆ:
ಎಂಟು. ಒಂಬತ್ತು. ಒಂಬತ್ತು. ಏಳು. ಒಂಬತ್ತು.
ಹೆಚ್ಚು ಅಂಕ ಬಂದವರೇ ನಪಾಸಾಗುವ ಪರೀಕ್ಷೆ.

ನೂರ ಹನ್ನೊಂದನೆಯ ಸಾಲಿನಲ್ಲಿ
ಪಿಳ್ಳಕೆಂಪಮ್ಮ ನಿಂತುಬಿಟ್ಟಳು.
ಅಮೃತಹಳ್ಳಿಯವಳು; ಅವಳ ಊರು ಈಗ
ಬಸ್ಸಿನ ಬೋರ್ಡಿನಲ್ಲಿ ಮಾತ್ರ ಹಳ್ಳಿ.
ಎಲೆಯ ಚೂರು ಹರಿದು, ಅಗಿದು, ಉಗಿದು ಅಂದಳು:
“ಗರಗಸ ಕಣಮ್ಮ ಇದು.
ನಾನೂ ತಿನ್ನಾಕಿಲ್ಲ, ಹುಳಾನೂ ತಿನ್ನಾಕಿಲ್ಲ.”
ಕುಮುದಿನಿ ಬಗ್ಗಿದರು. ಬಹಳ ಹೊತ್ತು ಮಾತಿಲ್ಲ.
ಆಮೇಲೆ “ಎರಡು”, ಯಾರಿಗೋ ಗುಟ್ಟು ಹೇಳುವಂತೆ.
ನಾನು ಎರಡು ಬರೆದು
ಅಡಿಗೆರೆ ಎಳೆದೆ; ಪುಸ್ತಕದಲ್ಲಿ ಹಾಗೆ ಎಳೆಯಬಾರದು.

ಗಿಡವೋ, ಸೊಂಟದೆತ್ತರವೂ ಇಲ್ಲ.
ತೆನೆ ಗೇಣಿಗೂ ಕಮ್ಮಿ, ಕಾಳು ಉದುರಿದ ಹಲ್ಲಿನ ಬಾಯಿ.
ಒಂದು ಒಳ್ಳೆಯ ಗುಣ ಬರುವಾಗ
ಬೆನ್ನಿಗೆ ಹತ್ತು ಬಡತನ ಕಟ್ಟಿಕೊಂಡೇ ಬರುತ್ತದೆ.
ಅದಕ್ಕೇ ಮದುವೆ,
ಎಂಬತ್ತೆರಡನೆಯ ಸಾಲಿನ ಜೊತೆ:
ದೊಡ್ಡ ತೆನೆ, ಮೆತ್ತನೆ ಎಲೆ, ಅಂಕ ಒಂಬತ್ತು.

ಗಂಡುಹೂವಿಗೆ ಕಂದು ಚೀಲ.
ಎಳೆ ತೆನೆಗೆ ಬೆಣ್ಣೆಕಾಗದ,
ಮುಸುಕಿನ ಜೋಳಕ್ಕೆ ಮೇಲೊಂದು ಮುಸುಕು.
ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ
ಚೀಲ ಬಗ್ಗಿಸಿ ಕೊಡವಿ, ಆ ಹಳದಿ ಧೂಳನ್ನು
ರೇಷ್ಮೆಯಂಥ ಎಳೆಗಳ ಮೇಲೆ ಉದುರಿಸಿ
ಪಿನ್ನು ಚುಚ್ಚಿ ತಾರೀಖು ಬರೆದರೆ ಮುಗಿಯಿತು.
ಓಲಗವಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ಪಿಳ್ಳಕೆಂಪಮ್ಮ,
“ಕೂಸು ಯಾರನ್ನ ಹೋಲ್ತದೋ.”

ತಿಳಿಯಲು ಏಳು ಹಂಗಾಮು ಹಿಡಿಯಿತು.
ಮಕ್ಕಳಿಗೆ ಐದು, ಆರು.
ಮೊಮ್ಮಕ್ಕಳಲ್ಲಿ ಒಂದೇ ಒಂದಕ್ಕೆ ಮೂರು,
ಉಳಿದವು ಮತ್ತೆ ಎಂಟರ ಮನೆಯವು.
ಅಷ್ಟರಲ್ಲಿ ನನ್ನ ಬಟ್ಟಲುಗಳಲ್ಲಿ
ಹುಳುಗಳ ನಲವತ್ತನೆಯ ತಲೆಮಾರು.
ಅವೂ ಏನೋ ಕಲಿಯುತ್ತಿರಬೇಕು.
ಅವಕ್ಕೂ ಒಂದು ಪುಸ್ತಕವಿದ್ದರೆ
ನಮಗೆ ಅಂಕ ಹಾಕುತ್ತಿರಬೇಕು.

ನಿನ್ನೆ ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ
ಚಾಂದ್ ಪಾಷಾನ ಕೆಂಡದ ಗಾಡಿ.
ಜೋಳದ ಮುಸುಕು ಸುಲಿದವನು ತಟ್ಟನೆ ಕೈ ಮರೆಮಾಡಿ
“ಬೇರೆ ಕೊಡ್ತೀನಿ ಮೇಡಂ” ಅಂದ.
ತೋರಿಸು ಅಂದೆ.
ತುದಿಯಲ್ಲಿ ಅದೇ ಹಣೆ, ಅದೇ ಕವೆಗೋಲು.
ಸಾಕಿದವಳಿಗೆ ಗುರುತು ಸಿಗದೇ?

ಇದೇ ಇರಲಿ, ತುದಿ ಮುರಿದು ಸುಡು ಅಂದೆ.
ಅವನು ನಿಂಬೆಹೋಳಿಗೆ ಉಪ್ಪು ಖಾರ ಒತ್ತಿಕೊಳ್ಳುತ್ತಿದ್ದಾಗ
ಬೀಸಣಿಗೆಯ ಗಾಳಿಗೆ ಕಿಡಿಗಳು ಹಾರುತ್ತಿದ್ದವು.
ನಾನು ಮನಸ್ಸಿನಲ್ಲೇ ಬರೆದುಕೊಂಡೆ:
ನಾಲ್ಕು.